ಹಿರಣ್ಯಕೇಶಿಯ ಉಗಮದಲ್ಲಿ

ಹೋದ ತಿಂಗಳು ಇದೇ ಪುಟದಲ್ಲಿ ಉಪ್ಪಿನಕಾಯಿಯ ಭರಣಿಗಳನ್ನು ಕುರಿತು ಬರೆದಿದ್ದೆವು. ಅದನ್ನು ಓದಿದ ವಾಚಕರೊಬ್ಬರು, “ಮಾಸ್ತರರೇ, ಮಳೆಗಾಲ ಬಂದಿತು, ಮಕ್ಕಳನ್ನು ಕರೆದುಕೊಂಡು ಯಾವ ಬೆಟ್ಟಕ್ಕೆ ಹೋಗಬೇಕೆಂಬದನ್ನು ಬರೆಯಿರಿ” ಎಂದು ಕೇಳಿಕೊಂಡಿರುವರು. ಎಲ್ಲಿಗೆ ಹೋಗಬೇಕೆಂಬದನ್ನು ಹೇಳುವದು ಸುಲಭ. ಹೋದಲ್ಲಿ ಹೇಗಿರಬೇಕೆಂಬದನ್ನು ಹೇಳುವದಕ್ಕೆ ಮಾತ್ರ ನಮಗೆ ಸಂಕೋಚವಾಗುತ್ತದೆ. ಯಾಕಂದರೆ ಆ ವಿಷಯದಲ್ಲಿ ನಾವೇ ತಪ್ಪಿ ನಡೆದವರು.

ನಮ್ಮ ಕಣಗಲಾ ಊರಿನವರಿಗೆ ಮಳೆಗಾಲದ ಪ್ರವಾಸವೆಂದರೆ ಒಂದು ಗೋಕಾಕದ ಜಲಪಾತ, ಇಲ್ಲವೆ ಆಂಬೋಲಿಯ ಘಟ್ಟ. ಸಂಕೇಶ್ವರ, ಗಡಹಿಂಗ್ಲಜ, ಆಜರಾಗಳನ್ನು ದಾಟಿ ಹೋದರೆ ಸಹ್ಯಾದ್ರಿಯ ಅಂಚಿನ ಮೇಲೆ ಆಂಬೋಲಿಯು ಸಿಕ್ಕುವದು. ಊರು ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಗೆ ಸೇರಿದ್ದಾದರೂ ನೀರಿನ ಸಂಬಂಧದಿಂದ ಅದು ನಮ್ಮ ತವರುಮನೆಯೇ ಸರಿ. ಅಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುತ್ತದೆ. ಘಟ್ಟದ ಪಶ್ಚಿಮಕ್ಕೆ ಬಿದ್ದ ಹನಿಯು ಕೊಂಕಣಕ್ಕೆ ಧುಮುಕಿ ಅರಬ್ಬೀ ಸಮುದ್ರವನ್ನು ಸೇರುವದು. ಪೂರ್ವಕ್ಕೆ ಬಿದ್ದ ಹನಿಯು ಹಿರಣ್ಯಕೇಶಿಯಾಗಿ ಹರಿದು, ನಮ್ಮ ಸಂಕೇಶ್ವರವನ್ನು ಕಂಡು, ಘಟಪ್ರಭೆಯನ್ನು ಕೂಡಿ, ಗೋಕಾಕದಲ್ಲಿ 52 ಮೀಟರ್ ಕೆಳಗೆ ಬಿದ್ದು, ಕೃಷ್ಣೆಯೊಡನೆ ಬಂಗಾಲದ ಕೊಲ್ಲಿಗೆ ಹೋಗುವದು. ಆದಕಾರಣ ಆಂಬೋಲಿಯಲ್ಲಿ ಹಿರಣ್ಯಕೇಶಿಗೆ ಎಸೆದದ್ದನ್ನು ನಾವು ಬೇರೆಯವರ ಮನೆಯಲ್ಲಿ ಎಸೆದಂತಾಗುವದಿಲ್ಲ.

ಎರಡು ವರ್ಷಗಳ ಕೆಳಗೆ ಜ್ಯೇಷ್ಠ ಮಾಸದಲ್ಲಿ, ಮೊದಲ ಮಳೆಗಳು ಬಿದ್ದ ವಾರದಲ್ಲಿಯೇ, ನಾವು ಸಕುಟುಂಬರಾಗಿ ಅಲ್ಲಿಗೆ ಹೋಗಿದ್ದೆವು. ಮಗ, ಸೊಸೆ, ಎರಡು ಮೊಮ್ಮಕ್ಕಳು, ನಮ್ಮ ಮನೆಯವರು. ಜೊತೆಗೆ ಒಂದು ಡಬ್ಬಿ ಶೇಂಗಾ ಹೋಳಿಗೆ, ಒಂದು ಚೀಲ ಚುರಮರಿ. ನದಿಯ ಉಗಮದಲ್ಲಿ ಒಂದು ಗುಹೆಯೂ ಹಿರಣ್ಯಕೇಶಿ ದೇವಿಯ ಗುಡಿಯೂ ಇವೆ. ಗುಹೆಯಿಂದ ಬಂದ ನೀರು ಮುಂದಿನ ಕುಂಡದಲ್ಲಿ ನಿಲ್ಲುತ್ತದೆ. ದಾರಿಯ ಕೆಸರು ಕಾಲಿಗೂ ಧೋತರದ ಅಂಚಿಗೂ ಹತ್ತಿತ್ತು. ದೇವಿಯ ದರ್ಶನಕ್ಕೆ ಶುಚಿಯಾಗಿ ಹೋಗಬೇಕಷ್ಟೆ! ನಾವು ಚೀಲದಿಂದ ಸಾಬೂನು ತೆಗೆದು, ಕುಂಡದ ಮೆಟ್ಟಿಲ ಮೇಲೆ ಕುಳಿತು, ಸಾವಕಾಶವಾಗಿ ಕಾಲು ತೊಳೆದೆವು. ಅನಂತರ ಮೊಮ್ಮಗಳ ಕೈಯಲ್ಲಿ ಒಂದು ಬೊಗಸೆ ಚುರಮರಿ ಕೊಟ್ಟು, “ಮೀನಿಗೆ ಹಾಕು, ಪುಣ್ಯ ಬರುತ್ತದೆ” ಎಂದೆವು.

ಅಲ್ಲಿಯೇ ನಿಂತಿದ್ದ ಆ ಊರ ಹಿರಿಯನೊಬ್ಬನು ಸಿಟ್ಟಿಗೇಳಲಿಲ್ಲ. ಮರಾಠಿಯಲ್ಲಿ ಮೆಲ್ಲಗೆ ಹೇಳಿದನು: “ಸಾಹೇಬರೇ, ಇಲ್ಲಿಯ ಮೀನು ನಿಮ್ಮ ಫರಾಳ ತಿಂದು ಬೆಳೆದದ್ದಲ್ಲ. ತಿಂದು ಉಳಿದದ್ದು ಕೊಳೆಯುತ್ತದೆ, ನೀರು ಕೆಡುತ್ತದೆ. ಸಾಬೂನಂತೂ ಬೇಡವೇ ಬೇಡ.” ಆಮೇಲೆ ಆ ಮೀನಿನ ಕಥೆಯನ್ನು ಹೇಳಿದನು. ಮನೆಗೆ ಬಂದು ನಾವು ಓದಿ ನೋಡಲಾಗಿ ಅವನು ಹೇಳಿದ್ದೆಲ್ಲವೂ ನಿಜವಾಗಿತ್ತು. ಆ ಕುಂಡದಲ್ಲಿ ದೊರೆತ ಒಂದು ಸಣ್ಣ ಮೀನಿಗೆ ಪ್ರಾಣಿಶಾಸ್ತ್ರಜ್ಞರು 2020ರಲ್ಲಿ ‘ಶಿಸ್ಟುರಾ ಹಿರಣ್ಯಕೇಶಿ’ ಎಂದು ನದಿಯ ಹೆಸರನ್ನೇ ಇಟ್ಟಿರುವರು. ಆ ಮೀನಿನ ಸಲುವಾಗಿ ಮಹಾರಾಷ್ಟ್ರ ಸರಕಾರವು 2021ರಲ್ಲಿ ಗುಡಿಯ ಸುತ್ತಲಿನ 2.11 ಹೆಕ್ಟೇರ್ ಸ್ಥಳವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ಲೋಕಕ್ಕೆ ಹೊಸತಾಗಿ ಪರಿಚಯವಾದ ಒಂದು ಜೀವದ ಮನೆಯೊಳಗೆ ನಾವು ಸಾಬೂನಿನ ನೊರೆಯನ್ನು ಬಿಟ್ಟು ಬಂದಿದ್ದೆವು.

ಸಂಸ್ಕೃತದ ಮಾಸ್ತರಿಕೆ ಮಾಡಿದವರಿಗೆ ಇದರಷ್ಟು ನಾಚಿಕೆಯ ಸಂಗತಿ ಬೇರೊಂದಿರಲಾರದು. ನೀರಿನಲ್ಲಿ ಉಗುಳಬಾರದು, ಹೊಲಸನ್ನು ಬಿಡಬಾರದು ಎಂಬ ನಿಯಮವು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿಯೇ ಉಂಟು. ಅದನ್ನು ನಾವು ಎಷ್ಟು ಹುಡುಗರಿಗೆ ಕಂಠಪಾಠ ಮಾಡಿಸಲಿಲ್ಲ! ಕಾಳಿದಾಸನ ಶಾಕುಂತಲದ ಮೊದಲನೆಯ ಅಂಕವನ್ನಂತೂ ವರ್ಷ ವರ್ಷವೂ ಪಾಠ ಹೇಳಿದೆವು. ದುಷ್ಯಂತನು ಚಕ್ರವರ್ತಿ, ಅರಣ್ಯವೆಲ್ಲ ಅವನದೇ. ಆದರೂ ಕಣ್ವಾಶ್ರಮದ ಹತ್ತಿರ ಬಂದೊಡನೆ, ಒಳಗಿರುವವರಿಗೆ ತೊಂದರೆಯಾಗಬಾರದೆಂದು ರಥವನ್ನು ಹೊರಗೇ ನಿಲ್ಲಿಸುತ್ತಾನೆ. ಆಭರಣಗಳನ್ನೂ ಬಿಲ್ಲನ್ನೂ ಸಾರಥಿಯ ಕೈಗೆ ಒಪ್ಪಿಸಿ ವಿನೀತವಾದ ವೇಷದಿಂದ ಕಾಲ್ನಡಿಗೆಯಲ್ಲಿ ಹೋಗುತ್ತಾನೆ. ಅದಕ್ಕೂ ಮೊದಲು, ಋಷಿಗಳು ಬೇಡವೆಂದೊಡನೆ ಹೂಡಿದ ಬಾಣವನ್ನು ಹಿಂದೆ ತೆಗೆದಿರುತ್ತಾನೆ, ವಾದಿಸುವದಿಲ್ಲ. ಈ ಕಾಲದ ದುಷ್ಯಂತರು ಮೋಟಾರನ್ನು ಜಲಪಾತದ ಬುಡಕ್ಕೇ ಒಯ್ಯುವರು, ಅದರ ಬಾಗಿಲು ತೆರೆದಿಟ್ಟು ಹಾಡು ಹಚ್ಚುವರು. ಇದರಲ್ಲಿ ಹುಡುಗರದೇ ತಪ್ಪೆಂದು ನಾವು ಹೇಳಲಾರೆವು. ನಮ್ಮ ಮಾಸ್ತರಿಕೆಯ ಮೊದಲ ವರ್ಷಗಳಲ್ಲಿ ಶಾಲೆಯ ಹುಡುಗರನ್ನು ಗೋಕಾಕಕ್ಕೆ ಕರೆದೊಯ್ದಿದ್ದೆವು. ಅಂಚಿನಿಂದ ಕಲ್ಲು ಉರುಳಿಸಿ ಸಪ್ಪಳ ಕೇಳುವ ಆಟಕ್ಕೆ ಅವರು ತೊಡಗಿದಾಗ ತಡೆಯಲಿಲ್ಲ. ನಾವೂ ಒಂದು ಕಲ್ಲನ್ನು ಉರುಳಿಸಿದೆವು. ಕೆಳಗಿನಿಂದ ಒಬ್ಬ ದನಗಾಹಿಯ ಕೂಗು ಕೇಳಿದ ಮೇಲೆಯೇ ನಮಗೆ ಎಚ್ಚರವಾದದ್ದು. ಪುಣ್ಯವಶಾತ್ ಯಾರಿಗೂ ಪೆಟ್ಟಾಗಲಿಲ್ಲ.

ಆಂಬೋಲಿಯ ಮಾತಿಗೆ ಮರಳುವೆವು. ಘಟ್ಟದ ದಾರಿಯಲ್ಲಿ ಮಂಗಗಳಿಗೆ ತಿನ್ನಲು ಕೊಡುವ ಜನ ಬಹಳ. ತಿನಿಸಿನ ಆಸೆಗೆ ಅವು ಕಾಡು ಬಿಟ್ಟು ರಸ್ತೆಯ ಮೇಲೆಯೇ ಕೂಡಲು ಕಲಿಯುತ್ತವೆ. ಕೆಲವು ಗಾಲಿಗೆ ಸಿಕ್ಕು ಸಾಯುತ್ತವೆ, ಕೆಲವು ಮಕ್ಕಳ ಕೈಯಿಂದ ಕಸಿದುಕೊಳ್ಳಲು ಹೋಗಿ ಕಚ್ಚುತ್ತವೆ. ಇದು ಎಲ್ಲರೂ ಬಲ್ಲ ಸಂಗತಿಯಾದ್ದರಿಂದ ಹೆಚ್ಚು ಬರೆಯುವದಿಲ್ಲ. ನಮಗೆ ಹೆಚ್ಚು ಹೇಳಬೇಕಾದದ್ದು ಆ ರಾತ್ರಿಯ ವಿಷಯ.

ಹೊರಡುವದಕ್ಕೆ ಕತ್ತಲೆಯಾಯಿತು. ಸಣ್ಣ ಮಳೆ ಹಿಡಿದಿತ್ತು. ಮಗನಿಗೆ ಮರುದಿನ ಕೆಲಸಕ್ಕೆ ಹೋಗುವ ಅವಸರ. ದೀಪದ ಬೆಳಕಿನಲ್ಲಿ ರಸ್ತೆಯ ಮೇಲೆ ಏನೋ ಪುಟಪುಟನೆ ಜಿಗಿದಂತಾಯಿತು. ಮಗನು ಗಾಳಿಗೆ ಹಾರುವ ಎಲೆಯೆಂದನು. ಹಿಂದೆ ಕುಳಿತ ಮೊಮ್ಮಗನು, “ಎಲೆ ಹಿಂದಕ್ಕೆ ತಿರುಗಿ ನೋಡುತ್ತದೆಯೇ, ಅಪ್ಪಾ?” ಎಂದು ಕೂಗಿದನು. ಬಂಡಿ ನಿಂತಿತು. ಇಳಿದು ನೋಡಿದರೆ ಅವು ಕಪ್ಪೆಗಳು. ಹೆಬ್ಬೆರಳಿನಷ್ಟು ಗಾತ್ರ, ಪಕ್ಕೆಯ ಮೇಲೆ ಹಳದಿಯ ಪಟ್ಟೆ. ನಮ್ಮ ಗಾಲಿಯ ಹಿಂದೆ ಒಂದು ಅರೆದುಹೋಗಿತ್ತು.

ಆಂಬೋಲಿಯ ನೆಲಗಪ್ಪೆಯೆಂದು ಹೆಸರಾದದ್ದು ಇದು. ಪಕ್ಕೆಯ ಪಟ್ಟೆಗಳಿಂದಾಗಿ ಶಾಸ್ತ್ರಜ್ಞರು 2009ರಲ್ಲಿ ಇದಕ್ಕೆ ಹುಲಿಯ ಹೆಸರನ್ನು ಕೊಟ್ಟರು. ಆಂಬೋಲಿ ಮತ್ತು ಅದರ ಆಸುಪಾಸನ್ನು ಬಿಟ್ಟರೆ ಇದು ಕಂಡುಬಂದಿಲ್ಲ. ಅತ್ಯಂತ ಅಪಾಯದಲ್ಲಿರುವ ಜೀವಗಳ ಪಟ್ಟಿಯಲ್ಲಿ ಸೇರಿದೆ. ಮೊದಲ ಮಳೆಗೆ ಬಂಡೆಗಳ ತಗ್ಗಿನಲ್ಲಿ ಅಂಗೈ ಆಳದ ನೀರು ನಿಂತಾಗ ಅಲ್ಲಿ ತತ್ತಿ ಇಡುತ್ತದೆ. ಆ ಕೆಲವೇ ದಿವಸಗಳಲ್ಲಿ ಅದರ ವಂಶದ ವರ್ಷದ ಕಾರ್ಯ ಮುಗಿಯಬೇಕು. ನಮ್ಮ ಪ್ರವಾಸದ ಗದ್ದಲವೂ ಆ ದಿವಸಗಳಲ್ಲಿಯೇ. ಬಂಡೆಯ ಮೇಲಿನ ನೀರಿನಲ್ಲಿ ಮಕ್ಕಳು ಕುಣಿದರೆ ಕೆಸರು ಮಾತ್ರ ಸಿಡಿಯುವದೆಂದು ತಿಳಿಯಬಾರದು.

ಅಂದು ನಾವು ಬ್ಯಾಟರಿ ಹಿಡಿದು ಬಂಡಿಯ ಮುಂದೆ ನಡೆದೆವು. ಮೊಮ್ಮಗನು ಕೊಡೆ ಹಿಡಿದನು. ಕಪ್ಪೆಗಳು ದಾಟುವವರೆಗೆ ಮಗನು ಹೆಜ್ಜೆಯ ವೇಗದಲ್ಲಿ ಹಿಂದೆ ಬಂದನು. ಮನೆಯವರು ಒಳಗಿನಿಂದ, “ಈ ವಯಸ್ಸಿನಲ್ಲಿ ಮಳೆಯಲ್ಲಿ ನೆನೆಯುವರೇ!” ಎಂದು ಬೈಯುತ್ತಲೇ ಇದ್ದರು. ಹಿಂದೆ ಬಂದ ಎರಡು ಮೋಟಾರುಗಳವರು ಕೂಗಿಕೊಂಡು ಮುಂದೆ ಹೋದರು. ಅವು ಹೋದ ಮೇಲೆ ಬೆಳಕು ಬಿಟ್ಟು ನೋಡುವ ಧೈರ್ಯ ನಮಗಾಗಲಿಲ್ಲ. ಕಣಗಲಾ ಸೇರಿದಾಗ ನಡುರಾತ್ರಿ. ಮರುದಿನದಿಂದ ನಾಲ್ಕು ದಿವಸ ಕೆಮ್ಮು.

ಬೆಟ್ಟಗಳಿಗೆ ಜನವು ಕಿಕ್ಕಿರಿಯುವದನ್ನು ಕಂಡು ನಮ್ಮ ಕರ್ನಾಟಕ ಸರಕಾರವೂ ಕಟ್ಟಳೆ ಹಾಕಬೇಕಾಯಿತು. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಮ್ಮೆಲೇ ಸಾವಿರಾರು ಜನ ಏರಿದ ಮೇಲೆ ಚಾರಣವನ್ನು ಕೆಲಕಾಲ ನಿಲ್ಲಿಸಿ, ಮುಂದೆ ಮುಂಗಡ ನೋಂದಣಿಯ ಏರ್ಪಾಡು ಮಾಡಿದರು. ಕೆಲವರು ಗೊಣಗಿದರು. ನಮಗಂತೂ ಅದು ಯೋಗ್ಯವೆಂದೇ ತೋರುತ್ತದೆ. ಮದುವೆಯ ಮನೆಗೂ ಹಂದರ ಹಿಡಿಯುವಷ್ಟೇ ಜನರನ್ನು ಕರೆಯುವರಷ್ಟೆ.

ವಾಚಕರು ಕೇಳಿದ ಪ್ರಶ್ನೆಗೆ ನಮ್ಮ ಉತ್ತರವು ಇಷ್ಟೇ: ಅವಶ್ಯವಾಗಿ ಆಂಬೋಲಿಗೆ ಹೋಗಿರಿ, ಮುಂಜಾನೆ ಬೇಗನೆ ಹೊರಡಿರಿ, ಸಂಜೆಯ ದೀಪ ಹಚ್ಚುವ ಮೊದಲೇ ಘಟ್ಟದ ಆ ದಾರಿಯನ್ನು ಬಿಡಿರಿ. ತಿಂದ ಪೊಟ್ಟಣದ ಕಾಗದವನ್ನು ಮರಳಿ ತರುವದಕ್ಕೆ ಒಂದು ಅರಿವೆಯ ಚೀಲವಿರಲಿ. ನಾವು ಕಳೆದ ವರ್ಷ ಮತ್ತೆ ಹೋದೆವು. ಹೊರಡುವ ಹಿಂದಿನ ರಾತ್ರಿ ಮೊಮ್ಮಗಳು ನಮ್ಮ ಚೀಲವನ್ನು ಬಿಚ್ಚಿ ನೋಡಿ, ಸಾಬೂನನ್ನು ತೆಗೆದು ದೇವರ ಜಗುಲಿಯ ಮೇಲೆ ಇಟ್ಟಿದ್ದಳು. ಯಾಕೆಂದು ಕೇಳಿದರೆ, “ಅಜ್ಜಾ, ನೀವು ಮರೆತು ತರುತ್ತೀರಿ” ಎಂದಳು. ಚುರಮರಿಯನ್ನು ಮಾತ್ರ ಅವಳೇ ಹಿಡಿದುಕೊಂಡಿದ್ದಳು; ಅದನ್ನು ನಾವೆಲ್ಲರೂ ಬಂಡಿಯಲ್ಲಿಯೇ ಕುಳಿತು, ಆಜರಾ ಬರುವ ಮೊದಲೇ ತಿಂದು ಮುಗಿಸಿದೆವು.