ಕೊಟ್ಟ ಹೆಣ್ಣಿಗೆ ಮನೆ ಎಲ್ಲಿ?

"ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಕುಲಕ್ಕೆ ಹೊರಗಾದವಳು ಒಳಗಾಗುವುದು ಎಲ್ಲಿಗೆ ಎಂದರೆ, ಗಂಡನ ಮನೆಗೆ ಎಂದು ಥಟ್ಟನೆ ಉತ್ತರ ಬರುತ್ತದೆ. ಆ ಮನೆ ಅಮೆರಿಕದಲ್ಲಿದ್ದು, ಎರಡು ವರ್ಷ ತುಂಬುವ ಮೊದಲೇ ಮದುವೆ ಮುರಿದರೆ ಅವಳು ಎಲ್ಲಿಯವಳು? ಇದು ನಾನು ಚರ್ಚಾಸ್ಪರ್ಧೆಗಾಗಿ ಹುಡುಕಿಕೊಂಡ ವಿಷಯವಲ್ಲ. ನಮ್ಮ ಮನೆಯ ಬಾಗಿಲಿಗೇ ಬಂದ ಪ್ರಶ್ನೆ. ಆದಕಾರಣ ಸಹಪಾಠಿಗಳ ಮತ್ತು ಅಧ್ಯಾಪಕರ ಮುಂದೆ ಇದನ್ನು ಇಡಲು ಧೈರ್ಯ ಮಾಡಿದ್ದೇನೆ.

ನಮ್ಮೂರು ಮೇಲೂರು. ಹಿಪ್ಪುನೇರಳೆ ಬೆಳೆದು, ಹುಳು ಸಾಕಿ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಆ ದಿನ ಸಿಕ್ಕ ಬೆಲೆಯನ್ನು ದೇವರು ಕೊಟ್ಟದ್ದೆಂದು ತಿಳಿದು ಬರುವವರು ನಾವು. ೨೦೦೮ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಪರದೇಶವೆಂಬುದು ನಮಗೆ ಅಷ್ಟು ದೂರದ ಮಾತಾಗಿ ಉಳಿದಿಲ್ಲ. ನನ್ನ ದೊಡ್ಡಪ್ಪನ ಮಗಳನ್ನು ಅಮೆರಿಕದ ಪೌರತ್ವ ಪಡೆದಿದ್ದ ನಮ್ಮವರೇ ಒಬ್ಬರಿಗೆ ಕೊಟ್ಟು ಮದುವೆ ಮಾಡಿದಾಗ ಊರಿಗೆ ಊರೇ ಸಂತೋಷಪಟ್ಟಿತು. ಒಂದೂವರೆ ವರ್ಷದ ನಂತರ, ಒಂದು ರಾತ್ರಿ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದಾಗ ಅಕ್ಕನ ಫೋನು ಬಂತು.

"ಅವರು ಡೈವೋರ್ಸಿಗೆ ಹಾಕಿದಾರೆ ಕಣೇ. ನನ್ನ ಕಾರ್ಡಿಗೆ ಇನ್ನು ಆರು ತಿಂಗಳಷ್ಟೆ ಇರೋದು. ಸಹಿ ಮಾಡೋದಿಲ್ಲ ಅಂತಾರೆ. ಸಹಿ ಇಲ್ಲದಿದ್ರೆ ವಾಪಸು ಕಳಿಸಿಬಿಡ್ತಾರಂತೆ."

ನಮ್ಮ ಎರಡು ಮನೆಗಳಲ್ಲೂ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಹೀಗಾಗಿ ಅವಳು ಕಳಿಸಿದ ಕಾಗದಗಳನ್ನೂ ಅಲ್ಲಿನ ಸರ್ಕಾರ ಪ್ರಕಟಿಸಿರುವ ಸೂಚನೆಗಳನ್ನೂ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಓದಿ ತಿಳಿದದ್ದನ್ನು ಮೊದಲು ಹೇಳಿ, ಆಮೇಲೆ ನನ್ನ ಅಭಿಪ್ರಾಯವನ್ನು ಹೇಳುತ್ತೇನೆ.

ಸುಳ್ಳು ಮದುವೆ ಮಾಡಿಕೊಂಡು ದೇಶದೊಳಕ್ಕೆ ನುಸುಳುವವರನ್ನು ತಡೆಯಲು ಅಮೆರಿಕ ೧೯೮೬ರಲ್ಲಿ ಒಂದು ಕಾಯಿದೆ ಮಾಡಿತು. ಅದರಂತೆ, ವಾಸದ ಹಕ್ಕು ದೊರೆತ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ, ಆ ಹಕ್ಕು ಷರತ್ತಿನ ಮೇಲಿನದು. ಕಾರ್ಡಿನ ಅವಧಿ ಎರಡೇ ವರ್ಷ. ಅವಧಿ ಮುಗಿಯುವ ಹಿಂದಿನ ೯೦ ದಿನಗಳಲ್ಲಿ ಗಂಡ ಹೆಂಡತಿ ಇಬ್ಬರೂ ಸಹಿ ಮಾಡಿ ಐ-೭೫೧ ಎಂಬ ಅರ್ಜಿ ಸಲ್ಲಿಸಿ, ಷರತ್ತನ್ನು ತೆಗೆಸಿಕೊಳ್ಳಬೇಕು. ಅರ್ಜಿಯೇ ಹೋಗದಿದ್ದರೆ ವಾಸದ ಹಕ್ಕು ತಾನಾಗಿ ಕೊನೆಗೊಳ್ಳುತ್ತದೆ.

ಗಂಡ ಸಹಿ ಮಾಡದಿದ್ದರೆ ಎಲ್ಲವೂ ಮುಗಿಯಿತೆಂದು ನಮ್ಮ ಮನೆಯವರು ತಿಳಿದಿದ್ದರು. ಅದು ತಪ್ಪು. ಜಂಟಿ ಸಹಿಯಿಂದ ವಿನಾಯಿತಿ ಕೇಳಿ ಹೆಂಡತಿ ಒಬ್ಬಳೇ ಅರ್ಜಿ ಹಾಕಬಹುದು. ಮದುವೆ ಪ್ರಾಮಾಣಿಕವಾಗಿ ನಡೆದು ವಿಚ್ಛೇದನದಲ್ಲಿ ಕೊನೆಗೊಂಡಿದ್ದರೆ ಒಂದು; ಹೊಡೆತವನ್ನೋ ಅತಿಯಾದ ಕ್ರೌರ್ಯವನ್ನೋ ಅನುಭವಿಸಿದ್ದರೆ ಎರಡು; ದೇಶದಿಂದ ಹೊರಹಾಕಿದರೆ ವಿಪರೀತ ಕಷ್ಟಕ್ಕೆ ಗುರಿಯಾಗುವಂತಿದ್ದರೆ ಮೂರು. ಇಂಥ ಅರ್ಜಿಗೆ ಆ ೯೦ ದಿನಗಳ ಕಟ್ಟುಪಾಡೂ ಇಲ್ಲ. ಅರ್ಜಿ ತಲುಪಿದುದಕ್ಕೆ ಕೊಡುವ ರಸೀತಿಯೇ, ತೀರ್ಮಾನವಾಗುವವರೆಗೆ ಕಾರ್ಡಿನ ಅವಧಿಯನ್ನು ಮುಂದಕ್ಕೆ ಹಾಕುತ್ತದೆ. ೨೦೨೩ರ ಜನವರಿಯಲ್ಲಿ ಈ ಅವಧಿಯನ್ನು ೪೮ ತಿಂಗಳಿಗೆ ಏರಿಸಿದರು.

ಆದರೆ ತೊಡಕು ಇರುವುದು ಇಲ್ಲಿಯೇ. ಮೊದಲನೆಯ ಕಾರಣಕ್ಕೆ ನ್ಯಾಯಾಲಯದ ಅಂತಿಮ ತೀರ್ಪು ಬೇಕು. ಮೊಕದ್ದಮೆ ನಡೆಯುತ್ತಿದೆ ಎಂದರೆ ಸಾಲದು. ಹೊಡೆತ, ಕ್ರೌರ್ಯಗಳ ಕಾರಣಕ್ಕಾದರೆ ತೀರ್ಪಿಗೆ ಕಾಯಬೇಕಾಗಿಲ್ಲ. ಅಕ್ಕನ ಬಾಳಿನಲ್ಲಿ ಹೊಡೆತವಿರಲಿಲ್ಲ. ಮಾತಿಲ್ಲದ ಮನೆಯಿತ್ತು, ಅಷ್ಟೆ. ದೊಡ್ಡಪ್ಪ, "ಅವಳು ಒಪ್ಪಬಾರದು, ಕೇಸು ಹತ್ತು ವರ್ಷ ಎಳೀಲಿ" ಎನ್ನುತ್ತಿದ್ದರು. ನಮ್ಮ ಹಿಂದೂ ವಿವಾಹ ಕಾಯಿದೆಗೆ ೧೯೭೬ರಲ್ಲಿ ಸೇರಿದ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಇಬ್ಬರ ಒಪ್ಪಿಗೆಯೂ ಬೇಕು. ಅದನ್ನೇ ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಆದರೆ ಅಮೆರಿಕದ ಬಹುತೇಕ ಸಂಸ್ಥಾನಗಳಲ್ಲಿ ಯಾರ ತಪ್ಪನ್ನೂ ಸಾಬೀತು ಮಾಡದೆ ಒಬ್ಬರೇ ವಿಚ್ಛೇದನ ಪಡೆಯಬಹುದು. ಕೊನೆಯದಾಗಿ ೨೦೧೦ರಲ್ಲಿ ನ್ಯೂಯಾರ್ಕ್ ಸಂಸ್ಥಾನವೂ ಇದನ್ನು ಒಪ್ಪಿತು. ಎಳೆದರೆ ಮದುವೆ ಉಳಿಯುವುದಿಲ್ಲ, ತೀರ್ಪು ತಡವಾಗುತ್ತದೆ. ತಡವಾದಷ್ಟೂ ಅಕ್ಕನಿಗೇ ಅಪಾಯ. ಹಿರಿಯರು ಅವಳ ಹಿತಕ್ಕೆಂದು ಕೊಟ್ಟ ಬುದ್ಧಿವಾದವೇ ಅವಳ ಕಾಲಿಗೆ ತೊಡರಿಕೊಳ್ಳುತ್ತಿತ್ತು.

ಎರಡನೆಯ ತೊಡಕು ಸಾಕ್ಷ್ಯದ್ದು. ಮದುವೆ ಪ್ರಾಮಾಣಿಕವಾದುದು ಎನ್ನುವುದಕ್ಕೆ ಅಲ್ಲಿ ಕೇಳುವುದು ಲಗ್ನಪತ್ರಿಕೆಯನ್ನು ಮಾತ್ರವಲ್ಲ. ಇಬ್ಬರ ಹೆಸರೂ ಇರುವ ಬಾಡಿಗೆ ಕರಾರು, ಬ್ಯಾಂಕಿನ ಜಂಟಿ ಖಾತೆ, ತೆರಿಗೆಯ ಲೆಕ್ಕ, ವಿಮೆ ಮೊದಲಾದವು. ಅಕ್ಕನ ಮನೆಯಲ್ಲಿ ಎಲ್ಲವೂ ಗಂಡನ ಹೆಸರಿನಲ್ಲಿತ್ತು. ಅವಳು ಅದನ್ನು ತಪ್ಪೆಂದು ಎಣಿಸಿಯೇ ಇರಲಿಲ್ಲ; ಏಕೆಂದರೆ ನಮ್ಮ ಮನೆಗಳಲ್ಲೂ ಪಹಣಿ ಅಪ್ಪನ ಹೆಸರಿನಲ್ಲಿ, ವಿದ್ಯುತ್ತಿನ ಬಿಲ್ಲು ತಾತನ ಹೆಸರಿನಲ್ಲಿ. ನಮ್ಮ ಅಮ್ಮನ ಹೆಸರು ಮೊದಲ ಸಾಲಿಗೆ ಬಂದಿರುವುದು ಪಡಿತರ ಚೀಟಿಯಲ್ಲಿ ಮಾತ್ರ. ಅದೂ ೨೦೧೩ರ ಆಹಾರ ಭದ್ರತಾ ಕಾಯಿದೆ, ಮನೆಯ ಹಿರಿಯ ಹೆಂಗಸೇ ಯಜಮಾನಿ ಎಂದು ಹೇಳಿದ್ದರಿಂದ.

ಈಗ ನನ್ನ ಅಭಿಪ್ರಾಯ. ಸುಳ್ಳು ಮದುವೆಯನ್ನು ತಡೆಯುವ ಹಕ್ಕು ಯಾವ ದೇಶಕ್ಕಾದರೂ ಇದೆ. ಆದರೆ ಒಬ್ಬರ ವಾಸದ ಬೀಗದ ಕೈಯನ್ನು ಇನ್ನೊಬ್ಬರ ಸೆರಗಿಗೋ ಜೇಬಿಗೋ ಕಟ್ಟುವುದು ನ್ಯಾಯವಲ್ಲ. "ಸಹಿ ಮಾಡುವುದಿಲ್ಲ" ಎಂಬ ಒಂದು ಮಾತು ಎರಡು ವರ್ಷ ಒಬ್ಬಳನ್ನು ಬಾಯಿ ಮುಚ್ಚಿಸಿ ಇಡಬಲ್ಲದು. ವಿನಾಯಿತಿ ಇದೆಯಲ್ಲ ಎನ್ನಬಹುದು. ನಿಜ, ಆದರೆ ಅದನ್ನು ತಿಳಿಯದವಳಿಗೆ ಅದು ಇದ್ದೂ ಇಲ್ಲ. ಎಚ್-೧ಬಿ ನೌಕರರ ಹೆಂಡತಿಯಾಗಿ ಎಚ್-೪ ವೀಸಾದ ಮೇಲೆ ಹೋದವಳ ಪಾಡಂತೂ ಇದಕ್ಕಿಂತ ಕಷ್ಟ. ವಿಚ್ಛೇದನದ ತೀರ್ಪಿನೊಡನೆ ಅವಳಿಗೆ ಆ ವೀಸಾದ ಆಧಾರವೇ ತಪ್ಪಿಹೋಗುತ್ತದೆ.

ಹಾಗೆಂದು ಪರದೇಶವನ್ನೇ ದೂರಿ ಸುಮ್ಮನಾಗುವಂತಿಲ್ಲ. ನಮ್ಮ ಪೌರತ್ವ ಕಾಯಿದೆಯ ೨೦೧೫ರ ತಿದ್ದುಪಡಿಯನ್ನು ನೋಡಿ. ಭಾರತೀಯರನ್ನು ಮದುವೆಯಾದ ವಿದೇಶೀಯರು ಎರಡು ವರ್ಷದ ದಾಂಪತ್ಯದ ನಂತರ ಸಾಗರೋತ್ತರ ಪೌರರ ಕಾರ್ಡು ಪಡೆಯಬಹುದು. ಮದುವೆ ರದ್ದಾದರೆ ಸರ್ಕಾರ ಆ ಕಾರ್ಡನ್ನೂ ರದ್ದು ಮಾಡಬಹುದು. ಕರ್ನಾಟಕದಲ್ಲಿ ೧೯೯೪ರಿಂದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂತೆಂದು ಹೆಮ್ಮೆಪಡುತ್ತೇವೆ. ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಆ ಕಾಯಿದೆ ಹೊರಗಿಟ್ಟಿತ್ತು. ಆ ಷರತ್ತು ಹೋದದ್ದು ೨೦೦೫ರ ಕೇಂದ್ರದ ತಿದ್ದುಪಡಿಯಿಂದ. ಹೆಣ್ಣಿನ ಹಕ್ಕಿಗೆ ಮದುವೆಯನ್ನು ಷರತ್ತು ಮಾಡುವ ಬುದ್ಧಿ ಕಡಲಾಚೆಗೆ ಮಾತ್ರ ಸೇರಿದ್ದಲ್ಲ.

ನನ್ನ ಗೆಳತಿಯೊಬ್ಬಳು ಕೇಳಿದಳು: "ಆ ಕಾರ್ಡಿಗೆ ಯಾಕೆ ಅಷ್ಟು ಒದ್ದಾಡಬೇಕು? ಊರಿಗೆ ಬಂದುಬಿಡಬಹುದಲ್ಲ?" ಮೊದಲು ನನಗೂ ಹಾಗೆಯೇ ತೋರಿತ್ತು. ಆದರೆ ಅಕ್ಕ ಫೋನು ಮಾಡಿದ ರಾತ್ರಿ ದೊಡ್ಡಮ್ಮನ ಬಾಯಿಂದ ಬಂದ ಮೊದಲ ಮಾತು, "ನಾಲ್ಕು ಜನ ಏನಂತಾರೆ" ಎಂಬುದು. ತಂಗಿಯ ಮದುವೆ ಆಗುವವರೆಗಾದರೂ ಅವಳು ಅಲ್ಲೇ ಇರಲಿ ಎಂಬುದು ಎರಡನೆಯ ಮಾತು. ಅಲ್ಲಿನ ಷರತ್ತು ಕಾಗದದ ಮೇಲೆ ಅಚ್ಚಾಗಿದೆ, ಅದಕ್ಕೆ ವಿನಾಯಿತಿ ಕೇಳುವ ದಾರಿಯಾದರೂ ಇದೆ. ತವರಿನ ಷರತ್ತನ್ನು ಯಾರೂ ಬರೆದಿಟ್ಟಿಲ್ಲ. ಅದಕ್ಕೆ ಎಲ್ಲಿ ಅರ್ಜಿ ಹಾಕಬೇಕು?

ಭಾರತೀಯ ಕಾನೂನು ಆಯೋಗವು ೨೦೨೪ರ ಫೆಬ್ರವರಿಯಲ್ಲಿ ಸಲ್ಲಿಸಿದ ೨೮೭ನೆಯ ವರದಿಯಲ್ಲಿ, ಅನಿವಾಸಿ ಭಾರತೀಯರ ವಿವಾಹಗಳಿಗಾಗಿ ಸಮಗ್ರವಾದ ಕಾಯಿದೆ ಬೇಕೆಂದೂ, ಅವುಗಳನ್ನು ಕಡ್ಡಾಯವಾಗಿ ನೋಂದಾಯಿಸಬೇಕೆಂದೂ ಶಿಫಾರಸು ಮಾಡಿದೆ. ಅದು ಆಗಲೇಬೇಕು. ಆದರೆ ಕಾಯಿದೆ ಬರುವವರೆಗೆ ನಾವು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಗಂಡಿನ ಸಂಬಳ ಎಷ್ಟೆಂದು ಕೇಳುವ ನಾಲಿಗೆ, ಹುಡುಗಿ ಯಾವ ವೀಸಾದ ಮೇಲೆ ಹೋಗುತ್ತಾಳೆಂದೂ ಕೇಳಲಿ. ಬಾಡಿಗೆ ಕರಾರಿನಲ್ಲಿ, ಬ್ಯಾಂಕಿನಲ್ಲಿ ಅವಳ ಹೆಸರು ಇರುತ್ತದೆಯೇ ಎಂದು ಕೇಳಲಿ. ಅವಳ ಪಾಸ್‌ಪೋರ್ಟು, ಮದುವೆಯ ನೋಂದಣಿ ಪತ್ರ, ಕಾರ್ಡು ಇವುಗಳ ಪ್ರತಿ ತವರಿನಲ್ಲೂ ಒಂದಿರಲಿ. ತೊಂದರೆ ಬಂದಾಗ ನೆಂಟರ ಮಾತಿಗಿಂತ ಮೊದಲು ವಲಸೆ ಕಾನೂನು ಬಲ್ಲ ವಕೀಲರ ಮಾತು ಕೇಳಲಿ. ಈ ವರ್ಷ ನಮ್ಮ ಮನೆಗೂ ಅಂಥದೊಂದು ಜಾತಕ ಬಂದಿತ್ತು. ನಾನು ಈ ಪ್ರಶ್ನೆಗಳನ್ನು ಕೇಳಿದೆ. ಹುಡುಗಿ ಬಹಳ ಓದಿದ್ದಾಳೆ ಎಂದು ಹೇಳಿ ಅವರು ಮತ್ತೆ ಬರಲಿಲ್ಲ. ಅಪ್ಪ ಒಂದು ವಾರ ನನ್ನೊಡನೆ ಮಾತನಾಡಲಿಲ್ಲ. ಎಂಟನೆಯ ದಿನ, "ಕೇಳಿದ್ದು ಒಳ್ಳೇದೇ ಆಯ್ತು ಬಿಡು" ಎಂದರು.

ಅಕ್ಕ ಮೊಕದ್ದಮೆಯನ್ನು ಎಳೆಯಲಿಲ್ಲ. ಕಾರ್ಡಿನ ಅವಧಿಗೆ ಮೂರು ವಾರ ಉಳಿದಿರುವಾಗ ತೀರ್ಪು ಬಂತು. ಒಬ್ಬಳೇ ಸಹಿ ಮಾಡಿ ಅರ್ಜಿ ಕಳಿಸಿದಳು. ಜಂಟಿ ಖಾತೆ ಇಲ್ಲದ್ದರಿಂದ ಇಬ್ಬರ ಹೆಸರಿಗೂ ಬಂದಿದ್ದ ಕಾಗದಗಳನ್ನೂ, ಹಬ್ಬದ ಚಿತ್ರಗಳನ್ನೂ, ಪಕ್ಕದ ಮನೆಯವರು ಬರೆದುಕೊಟ್ಟ ಹೇಳಿಕೆಗಳನ್ನೂ ಲಗತ್ತಿಸಿದ್ದಾಳೆ. ಈಗ ರಸೀತಿಯ ಬಲದ ಮೇಲೆ ಕೆಲಸ ಮಾಡಿಕೊಂಡಿದ್ದಾಳೆ. ತೀರ್ಮಾನ ಇನ್ನೂ ಬಂದಿಲ್ಲ.

ಕಳೆದ ತಿಂಗಳು ದೊಡ್ಡಪ್ಪ ನಮ್ಮ ಮನೆಗೆ ಬಂದವರು, ಹೊರಡುವಾಗ ಬಾಗಿಲಲ್ಲಿ ನಿಂತು, "ಅವಳಿಗೆ ಹೇಳಮ್ಮ, ಆ ಕಾರ್ಡು ಬರಲಿ ಬಿಡಲಿ, ಇಲ್ಲಿ ಅವಳ ಕೋಣೆ ಇದೆ" ಎಂದರು. ನಾನು ಅಂದೇ ಅಕ್ಕನಿಗೆ ತಿಳಿಸಿದೆ. ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಆ ಮಾತನ್ನು ದೊಡ್ಡಪ್ಪ ಮೊದಲನೆಯ ರಾತ್ರಿಯೇ ಹೇಳಬಹುದಾಗಿತ್ತು. ಹೆಣ್ಣುಮಕ್ಕಳಿರುವ ಎಲ್ಲ ಮನೆಯವರೂ ಅದನ್ನು ಮದುವೆಗೆ ಮೊದಲೇ ಹೇಳಬೇಕೆಂಬುದು ನನ್ನ ವಿನಂತಿ.