ದೊಡ್ಡಪ್ಪನ ಫೋನಿಗೆ ಸಿಮ್ ಎಲ್ಲಿ ಹಾಕೋದು?

ಬದನವಾಳಿನ ನಮ್ಮ ದೊಡ್ಡಪ್ಪನ ಟ್ರಂಕಿನಲ್ಲಿ ಒಂದು ಹಳೇ ಸಿಡಿಎಂಎ ಫೋನ್ ಇದೆ. ಬ್ಯಾಟರಿ ಸರಿ ಇತ್ತು, ಬಟನ್ ಸರಿ ಇತ್ತು. ಕಂಪನಿಯವರು ಆ ಸೇವೆ ನಿಲ್ಲಿಸಿದ ದಿನ ಮಾತ್ರ ಅದು ಆಟದ ಸಾಮಾನಾಯ್ತು. "ಇದ್ಕ ಬೇರೆ ಸಿಮ್ಮು ಎಲ್ಲಿ ಹಾಕದು ಮಗ?" ಅಂತ ಕೇಳಿದ್ರು. ಹಾಕೋಕೆ ಜಾಗವೇ ಇರಲಿಲ್ಲ.

ಜಿಎಸ್ಎಂ ಮತ್ತು ಸಿಡಿಎಂಎ ವ್ಯತ್ಯಾಸ ಬರೆಯಿರಿ ಅಂದ್ರೆ ನಾವೆಲ್ಲ ಟೇಬಲ್ ಹಾಕ್ತೀವಿ: ಒಂದರಲ್ಲಿ ಪ್ರತಿ ಕರೆಗೂ ಒಂದು ಟೈಮ್ ಸ್ಲಾಟ್, ಇನ್ನೊಂದರಲ್ಲಿ ಒಂದು ಕೋಡ್. ಆದರೆ ಸೋತ ತಂತ್ರಜ್ಞಾನದ ಬಿಲ್ ಯಾರು ಕಟ್ಟಿದರು ಅನ್ನೋ ಸಾಲು ಆ ಟೇಬಲ್‌ನಲ್ಲಿ ಇರಲ್ಲ.

ಪೈಪೋಟಿಯಿಂದ ಲಾಭವಾಗಲಿಲ್ಲ ಅಂತ ಹೇಳೋಕಾಗಲ್ಲ. ಏರ್‌ಟೆಲ್, ಸ್ಪೈಸ್, ಬಿಎಸ್ಎನ್ಎಲ್ ಜಿಎಸ್ಎಂ ಕಡೆ. 2002ರ ಡಿಸೆಂಬರ್‌ನಲ್ಲಿ ರಿಲಯನ್ಸ್ ಇನ್ಫೋಕಾಂ ಸಿಡಿಎಂಎ ಹಿಡಿದು ಬಂತು, ಟಾಟಾ ಇಂಡಿಕಾಂ ಕೂಡ ಅದೇ ಕಡೆ. ದರ ಇಳಿಯಿತು, 2003ರಲ್ಲಿ ಒಳಬರುವ ಕರೆ ಉಚಿತವಾಯ್ತು, ಹಳ್ಳಿಗೂ ಮೊಬೈಲ್ ಬಂತು.

ಹಾಗಂತ ಸಿಡಿಎಂಎ ಕೆಟ್ಟ ತಂತ್ರಜ್ಞಾನ ಅಂತ ಸೋಲಲಿಲ್ಲ. 3ಜಿ ನಿಂತಿದ್ದೇ ಅದೇ ತತ್ವದ ಮೇಲೆ. ಜಿಎಸ್ಎಂನಲ್ಲಿ ಸಿಮ್ ತೆಗೆದು ಬೇರೆ ಫೋನಿಗೆ ಹಾಕಬಹುದಿತ್ತು, ಹ್ಯಾಂಡ್‌ಸೆಟ್ ಆಯ್ಕೆ ಜಾಸ್ತಿ ಇತ್ತು. ನಮ್ಮಲ್ಲಿ ಬಹುಪಾಲು ಸಿಡಿಎಂಎ ಫೋನ್ ಕಂಪನಿಗೇ ಅಂಟಿಕೊಂಡಿತ್ತು. 2007ರಲ್ಲಿ ಸರ್ಕಾರ ಎರಡೂ ತಂತ್ರಜ್ಞಾನ ಬಳಸಲು ಒಪ್ಪಿತು. ರಿಲಯನ್ಸ್, ಟಾಟಾ ಎರಡೂ ಜಿಎಸ್ಎಂಗೆ ಬಂದವು. ಕಂಪನಿಗಳಿಗೆ ದಾಟೋಕೆ ಸೇತುವೆ ಸಿಕ್ತು. ದೊಡ್ಡಪ್ಪನಿಗೆ?

ಇದು ಹಳೇ ಕಥೆ ಅಂದ್ಕೋಬೇಡಿ. ಈಗ ಅವರ ಕೈಲಿರೋದು 2ಜಿ ಕೀಪ್ಯಾಡ್ ಫೋನ್. 2ಜಿ ಮುಚ್ಚಬೇಕು ಅಂತ ಜಿಯೋ ಬಹಿರಂಗವಾಗಿಯೇ ಒತ್ತಾಯಿಸುತ್ತಿದೆ. ಸ್ಪೆಕ್ಟ್ರಂ ಉಳಿತಾಯದ ಲೆಕ್ಕ ಎಂಜಿನಿಯರ್ ಆಗಿ ನನಗೂ ಅರ್ಥವಾಗುತ್ತೆ. ಮುಚ್ಚಲಿ, ಆದರೆ ಎರಡು ವರ್ಷ ಮೊದಲೇ ಹೇಳಲಿ, ಹಳೇ ಫೋನ್ ತಗೊಂಡು 4ಜಿ ಫೋನ್ ಕೊಡಲಿ. ಉಳಿಯೋ ಸ್ಪೆಕ್ಟ್ರಂನ ಲಾಭ ಅವರದ್ದಾದರೆ, ಬದಲಾವಣೆಯ ಖರ್ಚೂ ಅವರದ್ದೇ ಆಗಬೇಕು.

ಬದನವಾಳು ಅಂದ್ರೆ ಗಾಂಧೀಜಿ ಬಂದಿದ್ದ ಖಾದಿ ಕೇಂದ್ರದ ಊರು, 2015ರಲ್ಲಿ ರಂಗಕರ್ಮಿ ಪ್ರಸನ್ನ ಸತ್ಯಾಗ್ರಹ ಕೂತ ಊರು. ಮರದ ಚರಕ ಕೆಟ್ಟರೆ ಯಾವ ಬಡಗಿ ಬೇಕಾದರೂ ರಿಪೇರಿ ಮಾಡಬಹುದು, ಮಾಡಿದ ಕಂಪನಿಯ ಅಪ್ಪಣೆ ಬೇಕಿಲ್ಲ. ಫೋನು ಚರಕ ಆಗಲ್ಲ, ನಿಜ. ಆದರೆ ನಾಳೆ ನಾವು ಏನೇ ಡಿಸೈನ್ ಮಾಡಿದರೂ ಒಂದು ಪ್ರಶ್ನೆ ಕೇಳಿಕೊಳ್ಳೋಣ: ನಮ್ಮ ಕಂಪನಿ ಬಾಗಿಲು ಹಾಕಿದ ಮೇಲೂ ಇದು ದೊಡ್ಡಪ್ಪನ ಕೈಲಿ ಕೆಲಸ ಮಾಡುತ್ತಾ?