ನಿಕಾಹ್‌ನಾಮ ಪೆಟ್ಟಿಗೆಯಲ್ಲಿದ್ದರೆ ಸಾಲದು



ಕಂಪ್ಲಿಯ ತಂಗಿಯೊಬ್ಬಳು ಹೊಸಪೇಟೆಗೆ ನನ್ನನ್ನು ಹುಡುಕಿಕೊಂಡು ಬಂದಳು. ಗಂಡ ದುಬೈಗೆ ಕರೆಸಿಕೊಳ್ಳಬೇಕು. ಕೈಯಲ್ಲಿದ್ದುದು ಉರ್ದು ನಿಕಾಹ್‌ನಾಮ ಮಾತ್ರ. ಅದರಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಒಪ್ಪಿಗೆ, ಸಾಕ್ಷಿ, ಮಹ್ರ್ ಎಲ್ಲ ಇದ್ದ ಆ ನಿಕಾಹ್ ಸಿಂಧುವೇ. ಆದರೆ ವೀಸಾ ಅಧಿಕಾರಿ ನಿಮ್ಮ ಮದುವೆಗೆ ಬಂದವರಲ್ಲ, ಕಾಗದವನ್ನೇ ಕೇಳುತ್ತಾರೆ.

ಎಲ್ಲ ಧರ್ಮದವರ ಮದುವೆಯೂ ನೋಂದಣಿಯಾಗಬೇಕೆಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಕ್ಫ್ ಮಂಡಳಿಗೆ ವಿವಾಹ ಪ್ರಮಾಣಪತ್ರ ಕೊಡುವ ಅಧಿಕಾರ ನೀಡಿದ್ದ 2023ರ ಸರಕಾರಿ ಆದೇಶಕ್ಕೆ 2024ರಲ್ಲಿ ಕರ್ನಾಟಕ ಹೈಕೋರ್ಟ್ ತಡೆ ನೀಡಿತು. ಆದ್ದರಿಂದ ಉಪನೋಂದಣಾಧಿಕಾರಿ ಕಚೇರಿಯ ನೋಂದಣಿಯೇ ಭದ್ರ.

ಸಾಲವನ್ನು ಬರೆದಿಡಬೇಕೆಂದು ಅಲ್ ಬಕರಃದ 282ನೇ ಸೂಕ್ತ ಕಲಿಸುತ್ತದೆ. ಬಾಕಿ ಉಳಿದ ಮಹ್ರ್ ಕೂಡ ಗಂಡನ ಮೇಲಿನ ಸಾಲವಲ್ಲವೇ? ನಿಕಾಹ್ ದಿನವೇ ಹೆಸರಿನ ಒಂದೊಂದು ಅಕ್ಷರವನ್ನೂ ನೋಡಿ ಸಹಿ ಹಾಕಿರಿ.